ಇಂಗಾಲದ ಎಣಿಕೆ: ಕಾರ್ಬನ್ ಎನ್‌ಎಂಆರ್ ರೋಹಿತ ಮತ್ತು ಅಣುರಚನೆಯ ರುಜುವಾತು



ಕರಾವಳಿ ಮತ್ತು ಮಲೆನಾಡಿನವರಿಗೆ ಕಾಸರಕನ ಮರ ಗೊತ್ತು. ಅದರ ಬೀಜ ವಿಷವೆಂಬುದೂ ಗೊತ್ತು. ಆ ವಿಷದ ಮುಖ್ಯ ಘಟಕ ಸ್ಟ್ರಿಕ್ನಿನ್. ಅದೇ ಕುಲದ ಬೀಜಗಳಿಂದ ಪೆಲ್ಟಿಯೇ ಮತ್ತು ಕಾವಾಂಟೂ ಎಂಬ ಫ್ರೆಂಚ್ ರಸಾಯನಜ್ಞರು ಅದನ್ನು ಬೇರ್ಪಡಿಸಿದ್ದು 1818ರಲ್ಲಿ. ಅದರ ಅಣುವಿನಲ್ಲಿರುವ ಇಂಗಾಲದ 21 ಪರಮಾಣುಗಳು ಯಾವ ಕ್ರಮದಲ್ಲಿ ಹೆಣೆದುಕೊಂಡಿವೆ ಎಂಬುದಕ್ಕೆ ರಾಬರ್ಟ್ ರಾಬಿನ್ಸನ್ ಸರಿಯುತ್ತರ ಮುಂದಿಟ್ಟದ್ದು 1946ರಲ್ಲಿ. ನಡುವೆ 128 ವರ್ಷ ಕಳೆದಿತ್ತು. ಆ ಕಾಲದುದ್ದಕ್ಕೂ ರಸಾಯನಜ್ಞರು ಅಣುವನ್ನು ಆಮ್ಲದಲ್ಲಿ ಕುದಿಸಿದರು, ಕ್ಷಾರದಲ್ಲಿ ಬೇಯಿಸಿದರು, ಆಕ್ಸಿಡೀಕರಿಸಿದರು. ಸಿಕ್ಕ ತುಂಡುಗಳನ್ನು ಗುರುತಿಸಿ, ತುಂಡುಗಳಿಂದ ಇಡಿಯನ್ನು ಊಹಿಸಿದರು. ಇಂದು ಅದೇ ಸ್ಟ್ರಿಕ್ನಿನ್ ಎನ್‌ಎಂಆರ್ (ನ್ಯೂಕ್ಲಿಯಸ್‌ಗಳ ಕಾಂತ ಅನುರಣನ) ಪ್ರಯೋಗಾಲಯಗಳಲ್ಲಿ ಕೈ ಪಳಗಿಸಿಕೊಳ್ಳುವ ಮಾದರಿ ವಸ್ತು. ಚಿಟಿಕೆ ಪುಡಿಯನ್ನು ಕರಗಿಸಿ ಕೊಳವೆಗೆ ಹಾಕಿದರೆ ಅದರ ಕಾರ್ಬನ್ ರೋಹಿತದಲ್ಲಿ 21 ರೇಖೆಗಳು ಮೂಡುತ್ತವೆ. ಪುಡಿಗೆ ಏನೂ ಆಗುವುದಿಲ್ಲ. ದ್ರಾವಕ ಆರಿಸಿದರೆ ಮೊದಲಿದ್ದಂತೆಯೇ ಮರಳಿ ಸಿಗುತ್ತದೆ.

ಈ ಬದಲಾವಣೆಯನ್ನು ಸಾಮಾನ್ಯವಾಗಿ ಕಾಲದ ಉಳಿತಾಯವೆಂದು ವರ್ಣಿಸುತ್ತಾರೆ. ಅದಕ್ಕಿಂತ ಆಳದಲ್ಲಿ ಬದಲಾದದ್ದು ಸಾಕ್ಷ್ಯದ ಬಗೆ ಎಂಬುದು ಇಂದು ನಾನು ತಮ್ಮ ಮುಂದಿಡಬಯಸುವ ವಾದ. ಕಾರ್ಬನ್ ರೋಹಿತವು ಒಂದು ರಚನೆಯನ್ನು ತಾನೇ ಸ್ಥಾಪಿಸಿಬಿಡುವುದು ಅಪರೂಪ. ಆದರೆ ತಪ್ಪು ರಚನೆಯನ್ನು ತಳ್ಳಿಹಾಕುವುದರಲ್ಲಿ ಅದರಷ್ಟು ನೇರವಾದ ಸಾಧನ ಸಾವಯವ ರಸಾಯನಶಾಸ್ತ್ರದಲ್ಲಿ ಕಡಿಮೆ. ಈ ಎರಡರ ನಡುವಿನ ಅಂತರವನ್ನು ಅರಿತವನೇ ರೋಹಿತವನ್ನು ಓದಬಲ್ಲ.

ಎಣಿಕೆಯ ತರ್ಕ

ಈ ತರ್ಕ ಯಂತ್ರದೊಂದಿಗೆ ಹುಟ್ಟಿದ್ದಲ್ಲ. 1874ರಲ್ಲಿ ವಿಲ್ಹೆಲ್ಮ್ ಕೋರ್ನರ್ ಎಂಬ ರಸಾಯನಜ್ಞ ಒಂದು ಸರಳ ಪ್ರಶ್ನೆಗೆ ಉತ್ತರ ಕೊಟ್ಟ. ಬೆಂಜೀನ್ ಉಂಗುರಕ್ಕೆ ಎರಡು ಬ್ರೋಮಿನ್ ಪರಮಾಣುಗಳನ್ನು ಸೇರಿಸಿದರೆ ಮೂರು ಬೇರೆ ಬೇರೆ ಸಂಯುಕ್ತಗಳು ಸಿಗುತ್ತವೆ. ಅವುಗಳಲ್ಲಿ ಆರ್ಥೊ ಯಾವುದು, ಮೆಟಾ ಯಾವುದು, ಪ್ಯಾರಾ ಯಾವುದು? ಪ್ರತಿಯೊಂದಕ್ಕೂ ಮೂರನೆಯ ಗುಂಪೊಂದನ್ನು ಸೇರಿಸಿ, ಎಷ್ಟು ಬಗೆಯ ಹೊಸ ವಸ್ತುಗಳು ಹುಟ್ಟುತ್ತವೆಂದು ಎಣಿಸುವುದು ಅವನ ಉಪಾಯ. ಪ್ಯಾರಾದಿಂದ ಒಂದೇ, ಆರ್ಥೊದಿಂದ ಎರಡು, ಮೆಟಾದಿಂದ ಮೂರು. ಅಣುವನ್ನು ಕಣ್ಣಿಂದ ನೋಡದೆ, ಅದರ ಸಮಮಿತಿಯನ್ನು ಎಣಿಕೆಯಿಂದಲೇ ಹಿಡಿದ ಬುದ್ಧಿವಂತಿಕೆ ಇದು. ಆದರೆ ಹುಟ್ಟಿದ ಪ್ರತಿಯೊಂದು ವಸ್ತುವನ್ನೂ ಬೇರ್ಪಡಿಸಿ, ಶುದ್ಧಗೊಳಿಸಿ, ಹೋಲಿಸಿ ನೋಡಬೇಕಿತ್ತು.

ಅದೇ ಮೂರು ಡೈಬ್ರೋಮೋಬೆಂಜೀನ್‌ಗಳ ಕಾರ್ಬನ್ ರೋಹಿತವನ್ನು ಇಂದು ಪಡೆದರೆ ಪ್ಯಾರಾದಲ್ಲಿ 2 ರೇಖೆ, ಆರ್ಥೊದಲ್ಲಿ 3, ಮೆಟಾದಲ್ಲಿ 4. ಕೋರ್ನರನ ಪ್ರತಿ ಸಂಖ್ಯೆಗೂ ಒಂದನ್ನು ಕೂಡಿಸಿದರೆ ಈ ಸಂಖ್ಯೆಗಳು ಬರುತ್ತವೆ. ಕಾರಣ ಸ್ಪಷ್ಟ: ಅವನು ಎಣಿಸಿದ್ದು ಜಲಜನಕ ಹೊತ್ತ ಇಂಗಾಲದ ಬಗೆಗಳನ್ನು, ರೋಹಿತ ಅವುಗಳ ಜೊತೆಗೆ ಬ್ರೋಮಿನ್ ಹೊತ್ತ ಇಂಗಾಲದ ಬಗೆಯನ್ನೂ ಎಣಿಸುತ್ತದೆ. ತರ್ಕ 19ನೆಯ ಶತಮಾನದ್ದೇ. ಎಣಿಸುವ ಕೆಲಸವನ್ನು ಮಾತ್ರ ಕಾಂತಕ್ಷೇತ್ರ ವಹಿಸಿಕೊಂಡಿದೆ. ಕಾರ್ಬನ್ ರೋಹಿತದ ಮೊದಲ ಸೂತ್ರವೂ ಇದೇ: ಸಮಮಿತಿಯಿಂದ ಪರಸ್ಪರ ಸಮಾನವಾಗದ ಪ್ರತಿ ಇಂಗಾಲಕ್ಕೆ ಒಂದು ರೇಖೆ.

ನೂರರಲ್ಲಿ ಒಂದು

ಹಾಗಾದರೆ ಇಂಗಾಲ ಸಂಕೇತ ಕೊಡುವುದು ಹೇಗೆ? ಪ್ರಕೃತಿಯಲ್ಲಿರುವ ಇಂಗಾಲದಲ್ಲಿ ಸುಮಾರು 98.9 ಪ್ರತಿಶತ ಕಾರ್ಬನ್-12. ಅದರ ನ್ಯೂಕ್ಲಿಯಸ್‌ಗೆ ಸ್ಪಿನ್ ಇಲ್ಲ. ಆದ್ದರಿಂದ ಕಾಂತಕ್ಷೇತ್ರದಲ್ಲಿ ಅದು ಪೂರ್ತಿ ಮೌನಿ. ಉಳಿದ 1.1 ಪ್ರತಿಶತ ಕಾರ್ಬನ್-13. ಅದರ ಸ್ಪಿನ್ ಅರ್ಧ. ಅದು ಚಿಕ್ಕದೊಂದು ಅಯಸ್ಕಾಂತದಂತೆ ವರ್ತಿಸುತ್ತದೆ. ಪ್ರಬಲ ಕಾಂತಕ್ಷೇತ್ರದಲ್ಲಿಟ್ಟಾಗ ಅದಕ್ಕೆ ಎರಡು ಶಕ್ತಿಮಟ್ಟಗಳಿರುತ್ತವೆ. ಅವುಗಳ ನಡುವಿನ ಅಂತರಕ್ಕೆ ಸರಿಹೊಂದುವ ರೇಡಿಯೊ ತರಂಗ ಬಿದ್ದಾಗ ಅನುರಣನ ಉಂಟಾಗುತ್ತದೆ. 9.4 ಟೆಸ್ಲಾ ಕ್ಷೇತ್ರದಲ್ಲಿ ಪ್ರೋಟಾನಿನ, ಅಂದರೆ ಜಲಜನಕದ ನ್ಯೂಕ್ಲಿಯಸ್‌ನ, ಅನುರಣನ 400 ಮೆಗಾಹರ್ಟ್ಸ್‌ನಲ್ಲಿ, ಕಾರ್ಬನ್-13ರದ್ದು ಸುಮಾರು 100.6 ಮೆಗಾಹರ್ಟ್ಸ್‌ನಲ್ಲಿ.

ಈ ನಾಲ್ಕರಲ್ಲಿ ಒಂದು ಪಾಲಿನ ಲೆಕ್ಕವೇ ತೊಂದರೆಯ ಒಂದು ಮೂಲ. ಎರಡು ಮಟ್ಟಗಳ ನಡುವಿನ ಅಂತರ ಎಷ್ಟು ಕಿರಿದೆಂದರೆ, ಕೋಣೆಯ ಉಷ್ಣತೆಯಲ್ಲಿ ಹತ್ತು ಲಕ್ಷ ಕಾರ್ಬನ್-13 ನ್ಯೂಕ್ಲಿಯಸ್‌ಗಳನ್ನು ತೆಗೆದುಕೊಂಡರೆ ಕೆಳಮಟ್ಟದಲ್ಲಿರುವ ಹೆಚ್ಚುವರಿ ಬರೀ 8ರಷ್ಟು. ಸಂಕೇತವೆಲ್ಲ ಬರಬೇಕಾದದ್ದು ಆ ಎಂಟರಿಂದ. ಸಂಕೇತದ ಬಲ ಕಾಂತಗುಣದ ಘನದೊಂದಿಗೆ ಏರಿಳಿಯುವುದರಿಂದ, ಪ್ರೋಟಾನಿಗೆ ಹೋಲಿಸಿದರೆ ಪ್ರತಿ ನ್ಯೂಕ್ಲಿಯಸ್‌ನ ಸಂಕೇತ 64ರಲ್ಲಿ ಒಂದು ಪಾಲಾಗುತ್ತದೆ. ಅದಕ್ಕೆ 1.1 ಪ್ರತಿಶತದ ವಿರಳತೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಟ್ಟು ಸಂವೇದನೆ ಸುಮಾರು 6000ದಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಆದರೆ ಈ ಬಡತನವೇ ಒಂದು ಅನುಕೂಲವನ್ನೂ ಒದಗಿಸಿದೆ. ಅಣುವಿನ ಯಾವುದೇ ಎರಡು ನೆರೆಯ ಇಂಗಾಲಗಳು ಒಟ್ಟಿಗೆ ಕಾರ್ಬನ್-13 ಆಗಿರುವ ಸಂಭವ ಎಂಟು ಸಾವಿರಕ್ಕೆ ಒಂದರಷ್ಟು. ಆದ್ದರಿಂದ ಇಂಗಾಲಗಳು ಒಂದರ ರೇಖೆಯನ್ನು ಇನ್ನೊಂದು ಸೀಳುವುದು ಸಾಮಾನ್ಯ ರೋಹಿತದಲ್ಲಿ ಕಾಣುವುದೇ ಇಲ್ಲ. ಪ್ರಕೃತಿಯ ಇಂಗಾಲವೆಲ್ಲ ಕಾರ್ಬನ್-13 ಆಗಿದ್ದರೆ ಸಂಕೇತ ಗಟ್ಟಿಯಾಗಿರುತ್ತಿತ್ತು, ನಿಜ. ಆದರೆ ಪ್ರತಿ ರೇಖೆಯೂ ನೆರೆಹೊರೆಯ ಇಂಗಾಲಗಳಿಂದ ಸೀಳಿ ಹೋಗಿ, ನಾವು ಈಗ ಮಾಡುವ ಸರಳ ಎಣಿಕೆ ಅಸಾಧ್ಯವಾಗುತ್ತಿತ್ತು. ಈ ರೋಹಿತ ದುರ್ಬಲವಾಗಲೂ ಸುಲಭವಾಗಲೂ ಕಾರಣ ಒಂದೇ.

ದುರ್ಬಲ ಸಂಕೇತವನ್ನು ಹಿಡಿದ ಬಗೆ

ನ್ಯೂಕ್ಲಿಯಸ್‌ಗಳ ಕಾಂತ ಅನುರಣನವನ್ನು ಘನ ಮತ್ತು ದ್ರವ ವಸ್ತುಗಳಲ್ಲಿ ತೋರಿಸಿಕೊಟ್ಟವರು 1945–46ರ ಹೊತ್ತಿಗೆ ಹಾರ್ವರ್ಡ್‌ನಲ್ಲಿ ಪರ್ಸೆಲ್ ಮತ್ತು ಸಂಗಡಿಗರು, ಸ್ಟ್ಯಾನ್‌ಫರ್ಡ್‌ನಲ್ಲಿ ಬ್ಲಾಕ್ ಮತ್ತು ಸಂಗಡಿಗರು. ಇಬ್ಬರಿಗೂ 1952ರ ಭೌತಶಾಸ್ತ್ರದ ನೊಬೆಲ್ ಸಂದಿತು. ಭೌತವಿಜ್ಞಾನಿಗಳಿಗೆ ಬೇಕಾಗಿದ್ದುದು ನ್ಯೂಕ್ಲಿಯಸ್‌ನ ಕಾಂತಗುಣದ ನಿಖರ ಅಳತೆ. ಒಂದೇ ಧಾತುವಿನ ನ್ಯೂಕ್ಲಿಯಸ್ ಬೇರೆ ಬೇರೆ ರಾಸಾಯನಿಕ ಪರಿಸರದಲ್ಲಿ ಬೇರೆ ಬೇರೆ ಆವರ್ತದಲ್ಲಿ ಅನುರಣಿಸುವುದು ಅವರಿಗೆ ಮೊದಮೊದಲು ಕಿರಿಕಿರಿಯಾಗಿಯೇ ಕಂಡಿತು. ರಸಾಯನಶಾಸ್ತ್ರಕ್ಕೆ ಬಾಗಿಲು ತೆರೆದದ್ದು ಆ ಕಿರಿಕಿರಿ. 1951ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂದ ಒಂದು ಚಿಕ್ಕ ಪ್ರಬಂಧ ಎಥನಾಲ್‌ನ ಪ್ರೋಟಾನ್ ಸಂಕೇತವನ್ನು ಮೂರು ಪ್ರತ್ಯೇಕ ಶಿಖರಗಳಾಗಿ ತೋರಿಸಿತು. ಅದರ ಲೇಖಕರು ಆರ್ನಾಲ್ಡ್, ಧರ್ಮಟ್ಟಿ ಮತ್ತು ಪ್ಯಾಕರ್ಡ್. ಎಸ್. ಎಸ್. ಧರ್ಮಟ್ಟಿಯವರು ಆಮೇಲೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್‌ಎಂಆರ್ ಅಧ್ಯಯನಕ್ಕೆ ತಳಪಾಯ ಹಾಕಿದರು. ರಸಾಯನಜ್ಞರ ಎನ್‌ಎಂಆರ್ ಆರಂಭವಾದ ಪುಟದಲ್ಲೇ ಒಬ್ಬ ಭಾರತೀಯರ ಹೆಸರಿದೆ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಎತ್ತಿ ಹೇಳಬೇಕು.

ಇಂಗಾಲದ ಸರದಿ ಬಂದದ್ದು 1957ರಲ್ಲಿ. ಪಾಲ್ ಲಾಟರ್‌ಬರ್ ಸಾವಯವ ಸಂಯುಕ್ತಗಳ ಕಾರ್ಬನ್-13 ರೋಹಿತಗಳನ್ನು ಪ್ರಕಟಿಸಿದರು. ಅದೇ ವರ್ಷ ಹೋಮ್ ಎಂಬುವರೂ ಸ್ವತಂತ್ರವಾಗಿ ಪ್ರಕಟಿಸಿದರು. ಈ ಲಾಟರ್‌ಬರ್ ಅವರೇ ಮುಂದೆ ಎಂಆರ್‌ಐ ಚಿತ್ರಣಕ್ಕಾಗಿ 2003ರ ನೊಬೆಲ್ ಪಡೆದವರು. ಆದರೆ ಆವರ್ತಗಳನ್ನು ಒಂದೊಂದಾಗಿ ಸವರಿಕೊಂಡು ಹೋಗುವ ಆ ಕಾಲದ ವಿಧಾನದಲ್ಲಿ ಕಾರ್ಬನ್ ರೋಹಿತ ದಿನಬಳಕೆಗೆ ಬರುವಂತಿರಲಿಲ್ಲ.

ದಾರಿ ತೆರೆದದ್ದು 1966ರಲ್ಲಿ, ರಿಚರ್ಡ್ ಅರ್ನ್‌ಸ್ಟ್ ಮತ್ತು ವೆಸ್ಟನ್ ಆಂಡರ್ಸನ್ ಅವರಿಂದ. ತಂಬೂರಿಯ ತಂತಿಗಳನ್ನು ಒಟ್ಟಿಗೆ ಮೀಟಿದಾಗ ಪಳಗಿದ ಕಿವಿ ಒಂದೊಂದು ಸ್ವರವನ್ನೂ ಬಿಡಿಸಿ ಕೇಳುವಂತೆ, ಮೈಕ್ರೋಸೆಕೆಂಡುಗಳ ಒಂದೇ ರೇಡಿಯೊ ಸ್ಪಂದದಿಂದ ಎಲ್ಲ ಇಂಗಾಲಗಳನ್ನೂ ಒಮ್ಮೆಲೇ ಕೆರಳಿಸಿ, ಅವು ಹೊರಡಿಸುವ ಬೆರಕೆ ಸಂಕೇತವನ್ನು ದಾಖಲಿಸಿಕೊಂಡು, ಫೂರಿಯೆ ಗಣಿತದಿಂದ ಆವರ್ತಗಳಾಗಿ ಬಿಡಿಸುವುದು ಅವರ ವಿಧಾನ. ಒಂದು ಸ್ಪಂದದ ದಾಖಲೆ ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಅದನ್ನು ಸಾವಿರಾರು ಸಲ ಪುನರಾವರ್ತಿಸಿ ಕೂಡಿಸಬಹುದು. ಕೂಡಿಸುತ್ತ ಹೋದಂತೆ ಸಂಕೇತ ಸಲಗಳ ಸಂಖ್ಯೆಯಷ್ಟೇ ಬೆಳೆಯುತ್ತದೆ. ಯಾದೃಚ್ಛಿಕ ಗದ್ದಲ ಅದರ ವರ್ಗಮೂಲದಷ್ಟು ಮಾತ್ರ ಬೆಳೆಯುತ್ತದೆ. 10,000 ಸಲ ಕೂಡಿಸಿದರೆ ಗದ್ದಲಕ್ಕೆ ಹೋಲಿಸಿದಾಗ ಸಂಕೇತ ಮೊದಲಿಗಿಂತ 100 ಪಟ್ಟು ಮೇಲೇಳುತ್ತದೆ. ಅರ್ನ್‌ಸ್ಟ್ ಅವರಿಗೆ 1991ರ ರಸಾಯನಶಾಸ್ತ್ರ ನೊಬೆಲ್ ಬಂದ ಕಾರಣಗಳಲ್ಲಿ ಇದು ಮೊದಲನೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಅನಿಲ್ ಕುಮಾರ್ ಅವರ ಜೊತೆಗೂಡಿ ಅರ್ನ್‌ಸ್ಟ್ ಮಾಡಿದ ಮಹತ್ವದ ಕೆಲಸಗಳೂ ಇವೆ: 1975ರಲ್ಲಿ ಫೂರಿಯೆ ವಿಧಾನದ ಚಿತ್ರಣ, 1980ರಲ್ಲಿ ಪ್ರೋಟೀನ್ ರಚನೆಗೆ ಅತ್ಯಗತ್ಯವಾದ ನೋಯೆಸಿ ಪ್ರಯೋಗ.

ಎರಡನೆಯ ನೆರವು ಪ್ರೋಟಾನ್ ಡಿಕಪ್ಲಿಂಗ್. ಇಂಗಾಲಕ್ಕೆ ಅಂಟಿದ ಜಲಜನಕಗಳು ಅದರ ರೇಖೆಯನ್ನು ಸೀಳುತ್ತವೆ: ಮೀಥೈಲ್‌ನದು ನಾಲ್ಕಾಗಿ, ಮೆಥಿಲೀನ್‌ನದು ಮೂರಾಗಿ. ಸೀಳುಗಳ ನಡುವಿನ ದೂರ 125 ಹರ್ಟ್ಸ್ ಅಥವಾ ಇನ್ನೂ ಹೆಚ್ಚು. ಇಂಗಾಲವನ್ನು ಆಲಿಸುವಾಗ ಜಲಜನಕಗಳ ಆವರ್ತಗಳನ್ನೆಲ್ಲ ಒಟ್ಟಿಗೆ ಕಲಕುತ್ತಿದ್ದರೆ ಸೀಳು ಮಾಯವಾಗಿ ಪ್ರತಿ ಇಂಗಾಲವೂ ಒಂಟಿ ರೇಖೆಯಾಗುತ್ತದೆ. ಹೀಗೆ ಕಲಕಿದ ಜಲಜನಕಗಳು ಪಕ್ಕದ ಇಂಗಾಲದ ಸಂಕೇತವನ್ನು ಹಿಗ್ಗಿಸುವ ಓವರ್‌ಹೌಸರ್ ಪರಿಣಾಮದಿಂದ ಆ ರೇಖೆಯ ಬಲ ಸುಮಾರು ಮೂರು ಪಟ್ಟಿನವರೆಗೂ ಏರಬಹುದು. ಆದರೆ ಇದಕ್ಕೊಂದು ಬೆಲೆಯಿದೆ. ಅದನ್ನು ಮುಂದೆ ನೋಡೋಣ.

ರೇಖೆಯ ಸ್ಥಾನ

ಎಷ್ಟು ರೇಖೆಗಳೆಂಬುದು ಸಮಮಿತಿಯ ಮಾತಾದರೆ, ರೇಖೆ ಎಲ್ಲಿದೆ ಎಂಬುದು ಎಲೆಕ್ಟ್ರಾನುಗಳ ಮಾತು. ನ್ಯೂಕ್ಲಿಯಸ್‌ನ ಸುತ್ತಲಿನ ಎಲೆಕ್ಟ್ರಾನುಗಳು ಹೊರಗಿನ ಕ್ಷೇತ್ರವನ್ನು ತುಸು ಮಾರ್ಪಡಿಸುತ್ತವೆ. ಟೆಟ್ರಾಮೀಥೈಲ್‌ಸಿಲೇನ್ ಎಂಬ ವಸ್ತುವಿನ ಇಂಗಾಲವನ್ನು ಸೊನ್ನೆಯಾಗಿಟ್ಟು, ಉಳಿದವು ಅದರಿಂದ ದಶಲಕ್ಷದಲ್ಲಿ ಎಷ್ಟು ಪಾಲು ಸರಿದಿವೆ ಎಂದು ಪಿಪಿಎಂನಲ್ಲಿ ಅಳೆಯುತ್ತೇವೆ. ಪ್ರೋಟಾನುಗಳು ಬಹುಪಾಲು 12 ಪಿಪಿಎಂನೊಳಗೆ ಒತ್ತೊತ್ತಾಗಿ ನಿಂತರೆ, ಇಂಗಾಲಗಳು 220 ಪಿಪಿಎಂವರೆಗೆ ಹರಡಿಕೊಳ್ಳುತ್ತವೆ. ಸರಳ ಸರಪಳಿಯ ಇಂಗಾಲಗಳು 50ರ ಒಳಗೆ. ಆಮ್ಲಜನಕಕ್ಕೆ ಏಕಬಂಧದಿಂದ ಸೇರಿದವು 50ರಿಂದ 90. ದ್ವಿಬಂಧದವೂ ಅರೋಮ್ಯಾಟಿಕ್ ಉಂಗುರದವೂ 100ರಿಂದ 160. ಆಮ್ಲ, ಎಸ್ಟರ್, ಅಮೈಡ್‌ಗಳ ಕಾರ್ಬೊನಿಲ್ 160ರಿಂದ 185. ಆಲ್ಡಿಹೈಡ್, ಕೀಟೋನ್‌ಗಳದ್ದು 190ರ ಮೇಲೆ.

ಈ ಪಟ್ಟಿಯನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಜೊತೆಗೆ, ಎಲೆಕ್ಟ್ರಾನುಗಳನ್ನು ಸೆಳೆಯುವ ಗುಂಪು ಪಕ್ಕದಲ್ಲಿದ್ದರೆ ರೇಖೆ ಮೇಲಕ್ಕೆ ಸರಿಯುತ್ತದೆ ಎಂಬ ಒಂದೇ ಕಾರಣವನ್ನು ಎಲ್ಲದಕ್ಕೂ ಹೊಂದಿಸುತ್ತಾರೆ. ಅದು ಅರ್ಧ ಸತ್ಯ. ಕಾರ್ಬನ್ ಟೆಟ್ರಾಕ್ಲೋರೈಡ್‌ನ ಇಂಗಾಲ ಸುಮಾರು 96 ಪಿಪಿಎಂನಲ್ಲಿದ್ದರೆ, ಕಾರ್ಬನ್ ಟೆಟ್ರಾಅಯೊಡೈಡ್‌ನದು ಸೊನ್ನೆಗಿಂತ ಸುಮಾರು 290 ಪಿಪಿಎಂ ಕೆಳಗಿದೆ. ಅಯೋಡಿನ್‌ನಂಥ ಭಾರದ ಪರಮಾಣುವಿನಲ್ಲಿ ಎಲೆಕ್ಟ್ರಾನಿನ ಸ್ಪಿನ್ ಮತ್ತು ಕಕ್ಷಾಚಲನೆಯ ಬೆಸುಗೆ ಪ್ರಬಲವಾಗಿರುವುದು ಇದಕ್ಕೆ ಕಾರಣ. ಕೀಟೋನ್‌ನ ಇಂಗಾಲ 200ರ ಸುತ್ತ ನಿಲ್ಲಲು ಆಮ್ಲಜನಕದ ಸೆಳೆತವಷ್ಟೇ ಸಾಲದು. ಕಾರ್ಬೊನಿಲ್ ಗುಂಪಿನಲ್ಲಿ ಕಡಿಮೆ ಶಕ್ತಿಯ ಉದ್ರಿಕ್ತ ಸ್ಥಿತಿಗಳು ಹತ್ತಿರವೇ ಇರುವುದೂ ಬೇಕು. ಸ್ಥಾನಪಟ್ಟಿ ಅನುಭವದ ಸಾರ. ಅದಕ್ಕೆ ಕೊಡುವ ವಿವರಣೆ ಅಷ್ಟು ಸರಳವಲ್ಲ.

ಒಂದು ಅಣುವನ್ನು ಹತ್ತಿರದಿಂದ ನೋಡೋಣ. ಚಿಕ್ಕಮಗಳೂರು, ಕೊಡಗಿನ ತೋಟಗಳಿಂದ ನಮ್ಮ ಲೋಟಕ್ಕೆ ಬರುವ ಕೆಫೀನ್. ಅದರ ಅಣುವಿನಲ್ಲಿ 8 ಇಂಗಾಲ, 10 ಜಲಜನಕ, 4 ಸಾರಜನಕ, 2 ಆಮ್ಲಜನಕ. ಕಾರ್ಬನ್ ರೋಹಿತದಲ್ಲಿ 8 ರೇಖೆಗಳು. ಅಂದರೆ ಯಾವ ಎರಡು ಇಂಗಾಲಗಳೂ ಸಮಾನವಲ್ಲ. ಸುಮಾರು 28, 30 ಮತ್ತು 33.5ರಲ್ಲಿರುವ ಮೂರು ರೇಖೆಗಳು ಸಾರಜನಕಕ್ಕೆ ಅಂಟಿದ ಮೂರು ಮೀಥೈಲ್‌ಗಳವು. 141ರದ್ದು ಐದು ಸದಸ್ಯರ ಉಂಗುರದಲ್ಲಿ ಜಲಜನಕ ಹೊತ್ತ ಏಕೈಕ ಇಂಗಾಲ. 149ರದ್ದು ಎರಡು ಉಂಗುರಗಳು ಕೂಡುವ ಜಾಗದ ಒಂದು ಇಂಗಾಲ. ಅದರ ಜೋಡಿ ಎಲ್ಲೋ 107ರಲ್ಲಿದೆ. ಅದೂ ದ್ವಿಬಂಧದ ಇಂಗಾಲವೇ. ಆದರೆ ಉಂಗುರದ ಸಾರಜನಕಗಳು ತಮ್ಮ ಎಲೆಕ್ಟ್ರಾನ್ ಜೋಡಿಯನ್ನು ಅದರತ್ತ ತಳ್ಳುವುದರಿಂದ ಅಷ್ಟು ಕೆಳಗಿಳಿದಿದೆ. ಉಳಿದ ಎರಡು, 152 ಮತ್ತು 155, ಕಾರ್ಬೊನಿಲ್‌ಗಳವು. ಕೀಟೋನ್ ನೆನಪಿನಲ್ಲಿ 200ರ ಬಳಿ ಹುಡುಕಿದರೆ ಅವು ಸಿಗುವುದಿಲ್ಲ. ಪಕ್ಕದ ಸಾರಜನಕಗಳು ಎಲೆಕ್ಟ್ರಾನ್ ಹಂಚಿಕೊಂಡು ಅವುಗಳನ್ನು ಯೂರಿಯ, ಅಮೈಡ್‌ಗಳ ವರ್ಗಕ್ಕೆ ಸೇರಿಸಿವೆ.

ಈಗ ಡಿಕಪ್ಲಿಂಗ್‌ನ ಬೆಲೆಯ ಮಾತು. ಸೀಳು ಅಳಿಸಿದಾಗ ಯಾವ ಇಂಗಾಲಕ್ಕೆ ಎಷ್ಟು ಜಲಜನಕ ಎಂಬ ಮಾಹಿತಿಯೂ ಅಳಿಯುತ್ತದೆ. ಅದನ್ನು ಮರಳಿ ಪಡೆಯಲು 1982ರಲ್ಲಿ ಡಾಡ್ರೆಲ್, ಪೆಗ್ ಮತ್ತು ಬೆಂಡಾಲ್ ರೂಪಿಸಿದ ಡೆಪ್ಟ್ ಪ್ರಯೋಗವಿದೆ. ಡೆಪ್ಟ್-135 ರೋಹಿತದಲ್ಲಿ ಒಂದು ಅಥವಾ ಮೂರು ಜಲಜನಕವುಳ್ಳ ಇಂಗಾಲಗಳು ಮೇಲ್ಮುಖವಾಗಿ, ಎರಡು ಉಳ್ಳವು ಕೆಳಮುಖವಾಗಿ ಮೂಡುತ್ತವೆ. ಜಲಜನಕವಿಲ್ಲದವು ಕಾಣುವುದೇ ಇಲ್ಲ. ಕೆಫೀನ್‌ನಲ್ಲಿ ಇದನ್ನು ಮಾಡಿದರೆ ನಾಲ್ಕು ರೇಖೆಗಳು ಮೇಲ್ಮುಖವಾಗಿ ಉಳಿದು, ನಾಲ್ಕು ಮಾಯವಾಗುತ್ತವೆ. ಕೆಳಮುಖದ್ದು ಒಂದೂ ಇಲ್ಲ. ಮೂರು ಮೀಥೈಲ್‌ಗಳ 9 ಜಲಜನಕ ಮತ್ತು ಉಂಗುರದ 1 ಸೇರಿ ಅಣುಸೂತ್ರದ 10ಕ್ಕೆ ಲೆಕ್ಕ ಚುಕ್ತಾ ಆಗುತ್ತದೆ.

ಅಣುವಿನ ಆಕಾರವೂ ಸ್ಥಾನದಲ್ಲಿ ಅಡಗಿರುತ್ತದೆ. ಖಾದ್ಯ ತೈಲದ ಓಲಿಯಿಕ್ ಆಮ್ಲದಲ್ಲಿ ದ್ವಿಬಂಧ ಸಿಸ್ ಜೋಡಣೆಯದು. ಅದರ ಇಕ್ಕೆಲದ ಇಂಗಾಲಗಳು ಒಂದನ್ನೊಂದು ಒತ್ತರಿಸುವುದರಿಂದ 27 ಪಿಪಿಎಂ ಸುತ್ತ ಇರುತ್ತವೆ. ವನಸ್ಪತಿ ತಯಾರಿಕೆಯಲ್ಲಿ ಹುಟ್ಟುವ ಟ್ರಾನ್ಸ್ ರೂಪದಲ್ಲಿ ಆ ಒತ್ತಡವಿಲ್ಲ. ಅವೇ ಇಂಗಾಲಗಳು 32.5ರ ಸುತ್ತ ಬರುತ್ತವೆ. ಆರೋಗ್ಯ ಇಲಾಖೆಗಳು ತಲೆ ಕೆಡಿಸಿಕೊಂಡಿರುವ ಟ್ರಾನ್ಸ್ ಕೊಬ್ಬು ರೋಹಿತದಲ್ಲಿ ಹೀಗೆ ಐದು ಪಿಪಿಎಂ ಆಚೆ ಬೇರೆಯಾಗಿಯೇ ನಿಲ್ಲುತ್ತದೆ.

ಹೇಳದಿರುವುದು

ಕಾರ್ಬನ್ ರೋಹಿತ ಏನನ್ನು ಹೇಳುವುದಿಲ್ಲ ಎಂಬುದೂ ಅಷ್ಟೇ ಮುಖ್ಯ. ಪ್ರೋಟಾನ್ ರೋಹಿತದಲ್ಲಿ ಶಿಖರದ ವಿಸ್ತೀರ್ಣ ಪ್ರೋಟಾನುಗಳ ಸಂಖ್ಯೆಗೆ ಅನುಗುಣವಾಗಿರುತ್ತದೆ. ಸಾಮಾನ್ಯ ಕಾರ್ಬನ್ ರೋಹಿತದಲ್ಲಿ ಆ ನಂಬಿಕೆ ಸಲ್ಲದು. ಜಲಜನಕವಿಲ್ಲದ ಇಂಗಾಲಗಳು ಸ್ಪಂದದ ಬಳಿಕ ಸಮಸ್ಥಿತಿಗೆ ಮರಳಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ. ಅವು ಮರಳುವ ಮೊದಲೇ ಮುಂದಿನ ಸ್ಪಂದ ಬಿದ್ದರೆ ಸಂಕೇತ ಕುಗ್ಗುತ್ತದೆ. ಓವರ್‌ಹೌಸರ್ ವರ್ಧನೆಯೂ ಅವಕ್ಕೆ ಸರಿಯಾಗಿ ಸಿಗುವುದಿಲ್ಲ. ಕೆಫೀನ್‌ನ ಕಾರ್ಬೊನಿಲ್‌ಗಳು ಮೀಥೈಲ್‌ಗಳ ಮುಂದೆ ಕುಳ್ಳಗಿರುವುದು ಈ ಕಾರಣದಿಂದ. ರೇಖೆ ಕುಳ್ಳಗಿದೆಯೆಂದು ಅದನ್ನು ಕಲ್ಮಶವೆಂದು ತಳ್ಳುವುದು, ಎತ್ತರವಿದೆಯೆಂದು ಎರಡು ಇಂಗಾಲಗಳೆಂದು ಎಣಿಸುವುದು, ಎರಡೂ ತಪ್ಪು. ಸ್ಪಂದಗಳ ನಡುವೆ ಸಾಕಷ್ಟು ಬಿಡುವು ಕೊಟ್ಟು ವಿಶೇಷವಾಗಿ ಮಾಡಿದ ಪ್ರಯೋಗದಲ್ಲಿ ಮಾತ್ರ ವಿಸ್ತೀರ್ಣದ ಲೆಕ್ಕ ಕೇಳಬಹುದು.

ಇನ್ನೂ ಕೆಲವು ಮಿತಿಗಳಿವೆ. ಬಲಗೈ ಎಡಗೈಗಳಂತೆ ಕನ್ನಡಿಬಿಂಬಗಳಾದ ಎರಡು ಅಣುಗಳ ರೋಹಿತ ಸಾಮಾನ್ಯ ದ್ರಾವಕದಲ್ಲಿ ಒಂದೇ. ಎರಡು ಬೇರೆ ಇಂಗಾಲಗಳು ಆಕಸ್ಮಿಕವಾಗಿ ಒಂದೇ ಜಾಗದಲ್ಲಿ ಕೂತರೆ ಎಣಿಕೆ ಕಡಿಮೆಯಾಗುತ್ತದೆ. ಡ್ಯೂಟೀರಿಯಂಯುಕ್ತ ಕ್ಲೋರೋಫಾರಂ ದ್ರಾವಕ 77 ಪಿಪಿಎಂ ಬಳಿ ತನ್ನದೇ ಮೂರು ರೇಖೆಗಳನ್ನಿಡುತ್ತದೆ. ಅವುಗಳ ಮಗ್ಗುಲಲ್ಲಿ ಅಡಗಿದ ರೇಖೆ ಕಣ್ತಪ್ಪಬಹುದು. ಆದ್ದರಿಂದ ರೇಖೆಗಳು ನಿರೀಕ್ಷೆಗಿಂತ ಕಡಿಮೆ ಇದ್ದರೆ ಅವಸರದ ತೀರ್ಪು ಬೇಡ. ಶುದ್ಧ ವಸ್ತುವಿನಲ್ಲಿ ರೇಖೆಗಳು ನಿರೀಕ್ಷೆಗಿಂತ ಹೆಚ್ಚಿದ್ದರೆ ಮಾತ್ರ ಪ್ರಸ್ತಾಪಿತ ರಚನೆಗೆ ಬಹುತೇಕ ಉಳಿಗಾಲವಿಲ್ಲ. ಈ ಅಸಮತೋಲದಲ್ಲೇ ಸಾಧನದ ಸ್ವಭಾವವಿದೆ.

ನಿರಾಕರಣೆಯ ಬಲ

ಅದಕ್ಕೆ ಎರಡು ನಿದರ್ಶನ. 1985ರಲ್ಲಿ ಕ್ರೋಟೊ, ಸ್ಮಾಲಿ, ಕರ್ಲ್ ಮತ್ತು ಸಂಗಡಿಗರು 60 ಇಂಗಾಲಗಳ ಅಣುವೊಂದರ ಗುರುತನ್ನು ರಾಶಿ ರೋಹಿತದಲ್ಲಿ ಕಂಡು, ಅದು ಫುಟ್‌ಬಾಲಿನ ಆಕಾರದ್ದೆಂದು ಸೂಚಿಸಿದರು. ಐದು ವರ್ಷ ಅದು ಸುಂದರ ಊಹೆಯಾಗಿಯೇ ಉಳಿಯಿತು. 1990ರಲ್ಲಿ ಕ್ರಾಚ್ಮರ್ ಮತ್ತು ಹಫ್ಮನ್ ಅದನ್ನು ಕಣ್ಣಿಗೆ ಕಾಣುವಷ್ಟು ಪ್ರಮಾಣದಲ್ಲಿ ತಯಾರಿಸುವ ದಾರಿ ತೋರಿಸಿದಾಗ, ಸಸೆಕ್ಸ್ ವಿಶ್ವವಿದ್ಯಾಲಯದ ತಂಡ ವಸ್ತುವನ್ನು ಬೇರ್ಪಡಿಸಿ ಕಾರ್ಬನ್ ರೋಹಿತ ಪಡೆಯಿತು. 143 ಪಿಪಿಎಂ ಬಳಿ ಒಂದೇ ಒಂದು ರೇಖೆ. ಎರಡನೆಯದು ಕಂಡಿದ್ದರೆ ಫುಟ್‌ಬಾಲು ಅಲ್ಲಿಗೇ ಮುಗಿಯುತ್ತಿತ್ತು. ಆದರೆ 60 ಇಂಗಾಲಗಳ ದೊಡ್ಡ ಬಳೆಯೂ ಒಂದೇ ರೇಖೆ ಕೊಡಬಲ್ಲದಲ್ಲವೇ ಎಂಬ ಸಂದೇಹಕ್ಕೆ ಜಾಗವಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಜೊತೆಗೇ ದೊರೆತ 70 ಇಂಗಾಲಗಳ ಅಣುವಿನಿಂದ: ಅದರಲ್ಲಿ ಐದು ರೇಖೆಗಳು. ಬಳೆಯಾಗಿದ್ದರೆ ಅಲ್ಲೂ ಒಂದೇ ಇರಬೇಕಿತ್ತು. ಉದ್ದನೆಯ ಪಂಜರಕ್ಕೆ ಐದು ಸಹಜ. ಒಂದೇ ರೇಖೆಯ ಸಾಕ್ಷ್ಯಕ್ಕೆ ತೂಕ ಬಂದದ್ದು ಪಕ್ಕದ ಐದು ರೇಖೆಗಳಿಂದ.

ಎರಡನೆಯದು ಹೆಕ್ಸಾಸೈಕ್ಲಿನಾಲ್ ಎಂಬ ಶಿಲೀಂಧ್ರ ವಸ್ತುವಿನದು. 2002ರಲ್ಲಿ ಅದಕ್ಕೊಂದು ರಚನೆ ಪ್ರಕಟವಾಯಿತು. 2006ರಲ್ಲಿ ಆ ರಚನೆಯನ್ನು ಸಂಶ್ಲೇಷಿಸಿದ್ದೇವೆಂಬ ಹೇಳಿಕೆಯೂ ಬಂತು. ಅದೇ ವರ್ಷ ಸ್ಕಾಟ್ ರಿಕ್ನಾವ್‌ಸ್ಕಿ ಆ ರಚನೆಯ ಕಾರ್ಬನ್ ಸ್ಥಾನಗಳನ್ನು ಕ್ವಾಂಟಂ ಲೆಕ್ಕಾಚಾರದಿಂದ ಮುನ್ನುಡಿದು, ಪ್ರಕಟಿತ ಅಳತೆಗಳೊಂದಿಗೆ ಹೋಲಿಸಿದರು. ಕೆಲವು ಇಂಗಾಲಗಳಲ್ಲಿ ಅಂತರ 10 ಪಿಪಿಎಂ ಮೀರಿತ್ತು. ಅವರು ಸೂಚಿಸಿದ ಬೇರೊಂದು ರಚನೆಗೆ ಅಳತೆಗಳು ಚೆನ್ನಾಗಿ ಹೊಂದಿದವು. ಬಾಸ್ಟನ್‌ನ ಪೋರ್ಕೊ ತಂಡ ಆ ಹೊಸ ರಚನೆಯನ್ನು ಪ್ರಯೋಗಾಲಯದಲ್ಲಿ ಕಟ್ಟಿ, ನೈಸರ್ಗಿಕ ವಸ್ತುವೇ ಅದೆಂದು ತೋರಿಸಿತು. ಗಮನಿಸಬೇಕಾದದ್ದು ಕೆಲಸದ ಕ್ರಮ: ಕಾರ್ಬನ್ ಅಂಕಿಗಳು ಹಳೆಯ ರಚನೆಯನ್ನು ಕೆಡವಿದವು, ಹೊಸದನ್ನು ಸ್ಥಾಪಿಸಲು ಸಂಶ್ಲೇಷಣೆ ಬೇಕಾಯಿತು. ತಪ್ಪು ರಚನೆ ಪ್ರಕಟವಾದಾಗಲೂ ಅಂಕಿಗಳು ಕಣ್ಮುಂದೆಯೇ ಇದ್ದವು. ಅವನ್ನು ಯಾರೂ ಆ ರಚನೆಯ ವಿರುದ್ಧ ನಿಲ್ಲಿಸಿ ಪ್ರಶ್ನಿಸಿರಲಿಲ್ಲ.

ಬೋಧನೆಗೊಂದು ಸೂಚನೆ

ನಮ್ಮ ಸ್ನಾತಕೋತ್ತರ ತರಗತಿಗಳಲ್ಲಿ ಪ್ರೋಟಾನ್ ರೋಹಿತಕ್ಕೆ ವಾರಗಟ್ಟಲೆ ಮೀಸಲಿಟ್ಟು, ಕಾರ್ಬನ್ ರೋಹಿತವನ್ನು ಕೊನೆಯ ಒಂದೆರಡು ಪಾಠಗಳಲ್ಲಿ ಮುಗಿಸುವ ರೂಢಿ ವ್ಯಾಪಕವಾಗಿದೆ. ಸಂಕೇತದ ಬಲದ ದೃಷ್ಟಿಯಿಂದ ಅದು ಸಹಜ. ತರ್ಕದ ದೃಷ್ಟಿಯಿಂದ ತಲೆಕೆಳಗು. ಸಾವಯವ ಅಣುವಿನ ಚೌಕಟ್ಟು ಇಂಗಾಲದ್ದು. ಮೊದಲು ಅಣುಸೂತ್ರ, ಅದರಿಂದ ಅಪರ್ಯಾಪ್ತತೆಯ ಲೆಕ್ಕ. ಆಮೇಲೆ ಕಾರ್ಬನ್ ರೇಖೆಗಳ ಎಣಿಕೆ, ಅದರಿಂದ ಸಮಮಿತಿ. ಮುಂದೆ ಡೆಪ್ಟ್, ಅದರಿಂದ ಜಲಜನಕಗಳ ಹಂಚಿಕೆ. ಕೊನೆಗೆ ಸ್ಥಾನಗಳ ಚರ್ಚೆ. ಈ ಕ್ರಮದಲ್ಲಿ ಪ್ರತಿ ಹೆಜ್ಜೆಯೂ ಹಲವು ರಚನೆಗಳನ್ನು ಹೊರಹಾಕುತ್ತದೆ.

ಇದಕ್ಕಿಂತ ಮುಖ್ಯವಾದ ಅಭ್ಯಾಸ ಇನ್ನೊಂದಿದೆ. ವಿದ್ಯಾರ್ಥಿ ತಾನು ತಯಾರಿಸಿದ ವಸ್ತುವಿನ ರೋಹಿತ ಕೈಗೆ ಬರುವ ಮೊದಲೇ, ಎಷ್ಟು ರೇಖೆಗಳು, ಯಾವ ಯಾವ ಜಾಗದಲ್ಲಿ ಇರಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ತನ್ನ ರಚನೆ ತಪ್ಪಾಗಿದ್ದರೆ ಯಾವ ರೇಖೆ ಅದನ್ನು ಬಯಲಿಗೆಳೆಯುತ್ತದೆ ಎಂಬುದನ್ನೂ ಪಕ್ಕದಲ್ಲೇ ಬರೆಯಲಿ. ರೋಹಿತ ನೋಡಿದ ಬಳಿಕ ಪ್ರತಿ ರೇಖೆಗೂ ಒಂದು ಕಾರಣ ಹುಡುಕುವುದು ಯಾರಿಗೂ ಕಷ್ಟವಲ್ಲ. ಬೇಕಾದ ರಚನೆಗೆ ಬೇಕಾದ ಹಾಗೆ ಹೊಂದಿಸಲೂಬಹುದು. ಮೊದಲೇ ಬರೆದಿಟ್ಟ ನಿರೀಕ್ಷೆಗೆ ಮಾತ್ರ ಸೋಲುವ ಅವಕಾಶವಿದೆ. ಸೋಲುವ ಅವಕಾಶವಿದ್ದೂ ಸೋಲದೆ ಉಳಿದ ರಚನೆಯನ್ನು ನಂಬಲು ನಮಗೆ ಹಕ್ಕುಂಟು. ಇದಕ್ಕೆ ಹೊಸ ಯಂತ್ರವೂ ಬೇಡ, ಹೆಚ್ಚಿನ ಅನುದಾನವೂ ಬೇಡ. ನಾಳೆಯ ಪ್ರಯೋಗತರಗತಿಯಿಂದಲೇ ಇದನ್ನು ಆರಂಭಿಸಬಹುದು.